ಒಂದು ಗುಪ್ತಪದ, ಹಲವು ಬಾಗಿಲು

ನಮ್ಮ ಶರವಣಂಪಟ್ಟಿಯ ಗಣಕಯಂತ್ರ ಸಂಸ್ಥೆಗಳಲ್ಲಿ ಬೆಳಿಗ್ಗೆ ಒಮ್ಮೆ ಗುಪ್ತಪದ ಒತ್ತಿದರೆ ಹಲವು ಸೇವೆಗಳು ತೆರೆದುಕೊಳ್ಳುವುದುಂಟು. ಈ ಏರ್ಪಾಡು ಹೇಗೆ ಬೆಳೆಯಿತೆಂದು ನೋಡೋಣ.

ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1983ರಲ್ಲಿ ‘ಅಥೀನಾ’ ಯೋಜನೆ ಆರಂಭವಾಯಿತು. ವಿದ್ಯಾರ್ಥಿಗಳು ಯಾವ ಗಣಕದ ಮುಂದೆಯೂ ಕೂರಬಹುದಿತ್ತು. ಆದರೆ ತಂತಿಯಲ್ಲಿ ಹರಿಯುವ ಗುಪ್ತಪದವನ್ನು ಕದ್ದು ನೋಡುವ ಭಯವಿತ್ತು. ಅದಕ್ಕೆಂದೇ ‘ಕರ್ಬರಾಸ್’ ಹುಟ್ಟಿತು. ಗ್ರೀಕರ ಪುರಾಣದ ಮೂರು ತಲೆಯ ಕಾವಲುನಾಯಿಯ ಹೆಸರಿದು, ಒಪ್ಪುವ ಹೆಸರೇ! ಇಲ್ಲಿ ಗುಪ್ತಪದ ತಂತಿಯ ಮೇಲೆ ಹೋಗುವುದೇ ಇಲ್ಲ. ಕೇಂದ್ರ ಗಣಕವು ಕೆಲವು ಗಂಟೆಗಳ ಅವಧಿಯ ಚೀಟಿ ಕೊಡುತ್ತದೆ. ನಾವು ಬಸ್ ಪಾಸ್ ತೋರಿಸುವಂತೆ, ಅದನ್ನು ತೋರಿಸಿ ಅಂಚೆ, ಮುದ್ರಣ ಮುಂತಾದ ಸೇವೆಗಳಿಗೆ ಬೇರೆ ಬೇರೆ ಚೀಟಿ ಪಡೆಯಬಹುದು.

2005ರಲ್ಲಿ ‘ಓಪನ್ ಐಡಿ’ ಇದೇ ಅನುಕೂಲವನ್ನು ಅಂತರಜಾಲಕ್ಕೆ ತಂದಿತು. 2022ರಲ್ಲಿ ಭಾರತ ಸರ್ಕಾರ ‘ಮೇರಿ ಪೆಹಚಾನ್’ ಆರಂಭಿಸಿತು. ಆದರೆ ಆ ಒಂದೇ ಗುಪ್ತಪದ ಕಳ್ಳನ ಕೈ ಸೇರಿದರೆ ಎಲ್ಲ ಬಾಗಿಲೂ ಅವನಿಗೆ ತೆರೆದಂತೆ. ಆದ್ದರಿಂದಲೇ ಈಗ ಹಲವೆಡೆ ನಮ್ಮ ಮೊಬೈಲಿಗೆ ಬರುವ ಅಂಕಿಗಳನ್ನೂ ಕೇಳುತ್ತಾರೆ.