ನಿಮಗಿದು ಗೊತ್ತೆ? ಪಾದ್ರಿಗಳ ವಿಶ್ವವಿದ್ಯಾಲಯದಲ್ಲಿ ಓದುವವರು ಯಾರು?

‘ಫಾದರ್ ಕಾಲೇಜು ಅಂದ್ರ ಅವರ ಮಂದಿಗಷ್ಟ ಅಲ್ಲೇನ್ರಿ?’ ಪಿಯುಸಿ ಫಲಿತಾಂಶ ಬಂದಾಗ ಶಿರಹಟ್ಟಿ ಕಡೆ ಇಂಥ ಮಾತು ಕಿವಿಗೆ ಬೀಳುವುದುಂಟು. ಹಾಗೇನಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನೇ ನೋಡಿ. ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಆರಂಭಿಸಿದ ಈ ಸಂಸ್ಥೆಗೆ 2024ರ ಜನವರಿಯಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಕೆಥೋಲಿಕರ ಜತೆಗೆ ಹಿಂದೂ, ಮುಸ್ಲಿಂ, ಜೈನ ಮಕ್ಕಳೂ ಇಲ್ಲಿ ಓದುತ್ತಾರೆ. ಕಾರಿಡಾರಿನಲ್ಲಿ ಕೊಂಕಣಿ, ತುಳು, ಬ್ಯಾರಿ, ಮಲಯಾಳ ಎಲ್ಲವೂ ಕೇಳುತ್ತವೆ. ನಮ್ಮ ಗದಗ ಸೀಮೆಯ ಕನ್ನಡ ಅಲ್ಲಿ ತುಸು ಜೋರೆನಿಸೀತು, ಅಷ್ಟೆ! ಡಿಸೆಂಬರ್ ಬಂತೆಂದರೆ ಕ್ರೈಸ್ತ ಗೆಳೆಯರ ಮನೆಯ ಕುಸ್ವಾರ್ ಅಂದರೆ ಕ್ರಿಸ್‌ಮಸ್ ತಿಂಡಿಗಳ ಡಬ್ಬಿ ತೆರೆಯುತ್ತದೆ: ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕ ಹಿಡಿಸಿದ ಕಿಡಿಯೊ, ನಮ್ಮ ಕರ್ಚಿಕಾಯಿಯನ್ನೇ ಹೋಲುವ ನೆವ್ರ್ಯೊ.

2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರು ಶೇ 1.87 ಮಾತ್ರ. ಅವರಿಂದಲೇ ತರಗತಿ ತುಂಬುವುದು ಕಷ್ಟವೇ. ಕ್ರೈಸ್ತರಂಥ ಅಲ್ಪಸಂಖ್ಯಾತರಿಗೆ ಇಂಥ ವಿದ್ಯಾಸಂಸ್ಥೆ ನಡೆಸುವ ಹಕ್ಕು ಸಿಕ್ಕಿರುವುದು ಸಂವಿಧಾನದ 30ನೇ ವಿಧಿಯಿಂದ. ಆದರೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಗೆ ಯಾರನ್ನೂ ಒತ್ತಾಯದಿಂದ ಕೂರಿಸುವಂತಿಲ್ಲ ಎನ್ನುತ್ತದೆ 28ನೇ ವಿಧಿ. ವಿದ್ಯಾರ್ಥಿಯ ಒಪ್ಪಿಗೆ ಬೇಕು. ಅಪ್ರಾಪ್ತ ವಯಸ್ಸಿನವರಾದರೆ ಪೋಷಕರದ್ದು.