ಜೇಬಿನಲ್ಲೊಂದು ಚಾಕು

ಕಳೆದ ವರ್ಷ ವಿಮಾನ ನಿಲ್ದಾಣವೊಂದರ ಭದ್ರತಾ ತಪಾಸಣೆಯಲ್ಲಿ ನನ್ನ ಕೈಚೀಲದಿಂದ ಹೊರಬಂದದ್ದು ಅಪ್ಪನ ಚಾಕು. ಕೊಂಬಿನ ಹಿಡಿಯ, ಬೆರಳುದ್ದದ ಮಡಿಸುವ ಚಾಕು. ಅಪ್ಪ ತೀರಿಕೊಂಡ ಮೇಲೆ ಅವರ ಎಲೆಯಡಿಕೆ ಸಂಚಿಯಿಂದ ನನ್ನ ಪಾಲಿಗೆ ಬಂದಿತ್ತು. ಹೊರಡುವ ಗಡಿಬಿಡಿಯಲ್ಲಿ ಅದು ಚೀಲದಲ್ಲೇ ಉಳಿದದ್ದು ನನ್ನ ಮರೆವು. ತಪಾಸಣೆಯ ಯುವಕ ವಿನಯದಿಂದಲೇ ಅದನ್ನು ಕತ್ತರಿ, ಬ್ಲೇಡುಗಳಿದ್ದ ಪೆಟ್ಟಿಗೆಗೆ ಹಾಕಿದ. ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಷ್ಟೋ ವರ್ಷ ವೀಳ್ಯದೆಲೆಯ ತೊಟ್ಟು ಚಿವುಟಿದ, ಮಾವಿನಹಣ್ಣು ಹೋಳು ಮಾಡಿದ, ನನ್ನ ಪೆನ್ಸಿಲ್ ಹೆರೆದುಕೊಟ್ಟ ಅಲಗು ಆ ರಾಶಿಯಲ್ಲಿ ಬಿದ್ದಾಗ ಆದ ಸದ್ದು ಇನ್ನೂ ಕಿವಿಯಲ್ಲಿದೆ.

ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಓದುತ್ತಿರುವ ಮಗಳಿಗೆ ಈ ಸಂಗತಿ ಹೇಳಿದ್ದೆ. ರಜೆಗೆ ಬಂದಾಗ ಅವಳು ದೊಡ್ಡ ಪೆಟ್ಟಿಗೆಯ ತಳದಲ್ಲಿಟ್ಟು ಒಂದು ಚಾಕು ತಂದಳು. ಅದರ ಹೆಸರು ಒಪಿನೆಲ್. ಆಲ್ಪ್ಸ್ ಪರ್ವತದ ಸವಾಯ್ ಸೀಮೆಯಲ್ಲಿ, ಕೃಷಿ ಹತ್ಯಾರು ತಯಾರಿಸುವ ಮನೆತನದ ಜೋಸೆಫ್ ಒಪಿನೆಲ್ 1890ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ರೂಪಿಸಿದ ರೈತರ ಜೇಬುಚಾಕು ಇದು. 1897ರ ಹೊತ್ತಿಗೆ ಒಂದರಿಂದ ಹನ್ನೆರಡರವರೆಗೆ ಹನ್ನೆರಡು ಅಳತೆಗಳು ಸಿದ್ಧವಾಗಿದ್ದವು. ನನ್ನ ಬಳಿಯಿರುವುದು ಎಂಟನೆಯದು, ಅಲಗು 8.5 ಸೆಂಟಿಮೀಟರ್. 1985ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇದನ್ನು ಜಗತ್ತಿನ ನೂರು ಸುಂದರ ವಸ್ತುಗಳಲ್ಲಿ ಒಂದೆಂದು ಆರಿಸಿತು. ಪೋರ್ಷೆ ಕಾರಿನ ಸಾಲಿನಲ್ಲಿ ರೈತನ ಚಾಕು!

ಬಿಡಿಸಿ ನೋಡಿದರೆ ಇದರಲ್ಲಿರುವುದು ಐದೇ ಭಾಗ: ಅಲಗು, ಮರದ ಹಿಡಿ, ಎರಡನ್ನೂ ಹಿಡಿದಿಡುವ ಮೊಳೆ, ಹಿಡಿಯ ಕತ್ತಿಗೆ ಬಿಗಿದ ಒಂದು ಲೋಹದ ಪಟ್ಟಿ, ಅದರ ಮೇಲೆ ತಿರುಗುವ ಉಂಗುರ. ಸ್ಪ್ರಿಂಗ್ ಇಲ್ಲ, ಗುಂಡಿ ಇಲ್ಲ. ಉಂಗುರವನ್ನು ಸೇರಿಸಿದ್ದು ಜೋಸೆಫನ ಮಗ ಮಾರ್ಸೆಲ್, 1955ರಲ್ಲಿ. ಅಲಗನ್ನು ತೆರೆದು ಉಂಗುರವನ್ನು ಕೊಂಚ ತಿರುಗಿಸಿದರೆ ಅದರ ಸೀಳು ಪಕ್ಕಕ್ಕೆ ಸರಿದು, ಅಲಗಿನ ಬುಡಕ್ಕೆ ತಡೆ ಬೀಳುತ್ತದೆ; ಕೆಲಸದ ನಡುವೆ ಚಾಕು ಬೆರಳಿನ ಮೇಲೆ ಮಡಚಿಕೊಳ್ಳುವ ಭಯವಿಲ್ಲ. 2000ದಲ್ಲಿ ಆದ ಸುಧಾರಣೆಯಿಂದ, ಮಡಿಸಿದ ಚಾಕುವಿಗೂ ಅದೇ ಉಂಗುರ ಬೀಗವಾಯಿತು.

ಕೈಗೆ ಸಿಗುವ ಅನುಭವವೇ ಬೇರೆ. ತಿಳಿಬಣ್ಣದ ಬೀಚ್ ಮರದ ದುಂಡು ಹಿಡಿ ಅಂಗೈಯಲ್ಲಿ ಹೇಗೆ ಹೊರಳಿಸಿದರೂ ಒಪ್ಪಿಕೊಳ್ಳುತ್ತದೆ. ಬಾಲದ ಬಳಿ ತುಸು ಅಗಲವಾಗಿ ಬಾಗಿರುವುದರಿಂದ ಜಾರುವುದಿಲ್ಲ. ಅಲಗು ತೆಳು, ಹಣ್ಣಿನ ಸಿಪ್ಪೆ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ನನ್ನದು ತುಕ್ಕು ಹಿಡಿಯಬಲ್ಲ ಕಾರ್ಬನ್ ಉಕ್ಕು. ಮೊದಲ ನಿಂಬೆಹಣ್ಣಿಗೇ ಮಂಕಾಯಿತು. ಮಾವಿನ ಕಾಲ ಮುಗಿಯುವಷ್ಟರಲ್ಲಿ ಬೂದುನೀಲಿಗೆ ತಿರುಗಿತು. ಬಳಸಿದ ಮೇಲೆ ಒರೆಸಬೇಕು, ಆಗಾಗ ಎಣ್ಣೆ ಸವರಬೇಕು. ಮಳೆಗಾಲದಲ್ಲಿ ಊರಿಗೆ ಒಯ್ದಾಗ ಮರ ತೇವ ಕುಡಿದು ಉಬ್ಬಿ ಅಲಗು ಹೊರಬರಲೇ ಇಲ್ಲ. ಮಗಳು ಫೋನಿನಲ್ಲಿ ಸವಾಯ್ ಜನರ ಉಪಾಯ ಹೇಳಿಕೊಟ್ಟಳು: ಹಿಡಿಯ ಬಾಲವನ್ನು ಮೇಜಿಗೊಮ್ಮೆ ಕುಟ್ಟಬೇಕು. ಜಗಲಿಯ ಕಟ್ಟೆಗೆ ಕುಟ್ಟಿದೆ. ಅಲಗು ತಲೆಯೆತ್ತಿತು.

ಮಲೆನಾಡಿನ ಮಳೆಯಲ್ಲಿ ಆಲ್ಪ್ಸ್‌ನ ಚಾಕು ತೆರೆದ ಆ ಗಳಿಗೆಯಲ್ಲಿ ಅಪ್ಪ ನೆನಪಾದರು. ನನಗೆ ಹತ್ತು ತುಂಬಿದಾಗ ಅವರು ತಮ್ಮ ಚಾಕುವನ್ನು ಇದೇ ಜಗಲಿಯ ಮೇಲಿಟ್ಟು, ‘ಎತ್ತಿಕೋ’ ಎಂದಿದ್ದರು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂಬುದು ನಮ್ಮವರ ನಂಬಿಕೆ. ಫ್ರಾನ್ಸಿನಲ್ಲಿ ಚಾಕು ಉಡುಗೊರೆ ಪಡೆದವರು ಸ್ನೇಹ ಕಡಿಯದಿರಲೆಂದು ಒಂದು ನಾಣ್ಯ ಕೊಡುತ್ತಾರಂತೆ. ಮಗಳು ನನ್ನಿಂದಲೂ ಒಂದು ರೂಪಾಯಿ ವಸೂಲು ಮಾಡಿದಳು. ಎರಡೂ ಕಡೆಯ ಹಿರಿಯರಿಗೆ ಗೊತ್ತಿದ್ದದ್ದು ಒಂದೇ: ಹರಿತವಾದದ್ದು ಕೈ ಬದಲಾಗುವಾಗ ಇಬ್ಬರೂ ಒಂದು ಕ್ಷಣ ನಿಂತು ಯೋಚಿಸಬೇಕು. ಅಂದು ಅಪ್ಪ ಮತ್ತೊಂದು ಮಾತು ಸೇರಿಸಿದ್ದರು: ‘ಮೊದಲು ಮಡಿಸೋದು ಕಲಿ, ತೆರೆಯೋದು ಆಮೇಲೆ.’

ಮಡಿಸುವ ಚಾಕುವಿನ ವಿನ್ಯಾಸದ ಸಾರ ಇಷ್ಟೇ ಎಂದು ನನಗೆ ಈಗ ಅನ್ನಿಸುತ್ತದೆ. ಕತ್ತಿಗೆ ಒರೆ ಬೇರೆ, ಅದನ್ನು ಮರೆತು ಬರಬಹುದು. ಮಡಿಸುವ ಚಾಕು ತನ್ನ ಸಂಯಮವನ್ನು ತನ್ನೊಳಗೇ ಹೊತ್ತಿರುತ್ತದೆ. ಹಿಡಿಯೇ ಅದರ ಒರೆ. ಕೆಲಸ ಮುಗಿದೊಡನೆ ಹರಿತವನ್ನು ಮರೆಮಾಡಿಕೊಳ್ಳುವ ಈ ಗುಣದಿಂದಲೇ ಅದು ಅಜ್ಜನ ಸಂಚಿಯಲ್ಲೂ ಹುಡುಗನ ಜೇಬಿನಲ್ಲೂ ಇರಲು ಸಾಧ್ಯವಾಯಿತು.

ಇಂದು ಚಾಕು ಎಂದೊಡನೆ ನಮಗೆ ನೆನಪಾಗುವುದು ಅಪರಾಧ ಸುದ್ದಿಯ ಪುಟ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಸವೆದರೆ ಎಸೆಯುವ ಪ್ಲಾಸ್ಟಿಕ್ ಕಟರುಗಳ ನಡುವೆ ಬೆಳೆಯುವ ಮಕ್ಕಳು ಹರಿತವಾದುದನ್ನು ಜೋಪಾನ ಮಾಡುವುದನ್ನು, ಸಾಣೆ ಹಿಡಿಯುವುದನ್ನು, ಎಲ್ಲಕ್ಕಿಂತ ಮುಖ್ಯವಾಗಿ ಮಡಿಸುವುದನ್ನು ಎಲ್ಲಿ ಕಲಿಯುತ್ತಾರೆ? ಭಯವೊಂದೇ ಯಾರನ್ನೂ ಹೊಣೆಗಾರರನ್ನಾಗಿ ಮಾಡಿದ್ದಿಲ್ಲ.

ಈ ಸಲದ ಆಯುಧಪೂಜೆಗೆ ಒಪಿನೆಲ್‌ಗೂ ಕುಂಕುಮ ಹಚ್ಚಿದೆ. ತಂಗಿಯ ಮೊಮ್ಮಗ ಕಣ್ಣರಳಿಸಿ ನೋಡುತ್ತಿದ್ದ. ಅವನಿಗೆ ಬರುವ ವರ್ಷ ಹತ್ತು ತುಂಬುತ್ತದೆ. ಜಗಲಿ ಅಲ್ಲೇ ಇದೆ.