ಕಪ್ಪಾದ ಬೆಳ್ಳಿಯ ರೂಪಾಯಿ

ಹಿರಿಯರು ಕಟ್ಟಿಟ್ಟುಹೋದ ಬೆಳ್ಳಿಯ ರೂಪಾಯಿಗಳು ನಮ್ಮವರಲ್ಲಿ ಹಲವರ ಬಳಿ ಇಂದಿಗೂ ಉಳಿದಿವೆ. ಮುಂಬಯಿಯ ಖೋಲಿಯಲ್ಲಿ, ಟ್ರಂಕಿನ ತಳದಲ್ಲಿಟ್ಟ ಅಂಥ ಗಂಟನ್ನು ವರ್ಷಗಳ ತರುವಾಯ ಬಿಚ್ಚಿದಾಗ ನಾಣ್ಯಗಳು ಕಪ್ಪಿಟ್ಟಿರುವುದನ್ನು ಕಂಡು, ಇವು ಖೋಟಾ ಇರಬಹುದೇ ಎಂದು ಶಂಕಿಸುವವರುಂಟು. ಕೆಲವರು ಆ ಶಂಕೆಯಿಂದಲೇ ಬಂದ ಬೆಲೆಗೆ ಮಾರಿಬಿಡುವರು. ಇತರರು ಹುಣಿಸೆಹಣ್ಣನ್ನೋ ವಿಭೂತಿಯನ್ನೋ ಹಿಡಿದು ತಿಕ್ಕತೊಡಗುವರು. ಎರಡೂ ನಷ್ಟದ ದಾರಿಗಳೇ.

ಕಪ್ಪು ಬಣ್ಣವು ಕಲಬೆರಕೆಯ ಗುರುತಲ್ಲ. ಅಪ್ಪಟ ಬೆಳ್ಳಿಯೂ ಕಪ್ಪಾಗುವುದು. ಗಾಳಿಯಲ್ಲಿ ಅತ್ಯಲ್ಪವಾಗಿ ಬೆರೆತಿರುವ ಗಂಧಕದ ಅನಿಲಗಳು, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ಬೆಳ್ಳಿಯೊಡನೆ ಕೂಡಿ ಅದರ ಮೈಮೇಲೆ ಸಿಲ್ವರ್ ಸಲ್ಫೈಡ್ ಎಂಬ ಪೊರೆಯನ್ನು ಕಟ್ಟುತ್ತವೆ. ಕೊಳೆತ ಮೊಟ್ಟೆಯ ದುರ್ವಾಸನೆ ಈ ಅನಿಲದ್ದೇ. ಉಣ್ಣೆಯ ಬಟ್ಟೆ, ರಬ್ಬರಿನ ಪಟ್ಟಿ, ಅಗ್ಗದ ಕಾಗದ ಇವುಗಳಲ್ಲಿಯೂ ಗಂಧಕವುಂಟು. ಮಳೆಗಾಲದ ತೇವ ಜೊತೆಗೂಡಿದರೆ ಕೆಲಸ ಇನ್ನೂ ಬೇಗ ನಡೆಯುವುದು.

ಪೊರೆ ಒಮ್ಮೆಲೇ ಕಪ್ಪಾಗುವುದಿಲ್ಲ. ಮೊದಲು ತಿಳಿಹಳದಿ, ಬಳಿಕ ಕೆಂಪು, ನೇರಳೆ, ನೀಲಿ. ದಪ್ಪವಾದಂತೆಲ್ಲ ಕೊನೆಗೆ ಕಪ್ಪು. ಮಳೆನೀರಿನ ಮೇಲೆ ತೇಲುವ ಎಣ್ಣೆಯಲ್ಲಿ ಕಾಮನಬಿಲ್ಲು ಮೂಡುವುದೂ ಇದೇ ನಿಯಮದಿಂದ: ತೆಳುಪೊರೆಯ ಮೇಲ್ಮೈಯಿಂದಲೂ ತಳದಿಂದಲೂ ಹಿಂದಿರುಗಿದ ಬೆಳಕುಗಳು ಒಂದನ್ನೊಂದು ಕೂಡುತ್ತವೆ, ಕಳೆಯುತ್ತವೆ. ಕಾಗದದಲ್ಲಿ ಸುತ್ತಿಟ್ಟ ನಾಣ್ಯಕ್ಕೆ ಗಾಳಿ ಬದಿಯಿಂದ ನುಸುಳುವುದರಿಂದ ಬಣ್ಣ ಅಂಚಿನಲ್ಲಿ ಮೊದಲು ಏರುವುದು. ಚೀಲದಲ್ಲಿ ಒಂದರ ಮೇಲೊಂದು ಒರಗಿದ್ದರೆ, ಮುಚ್ಚಿಹೋದ ಭಾಗವು ಬಿದಿಗೆಯ ಚಂದ್ರನಂತೆ ಬೆಳ್ಳಗೆ ಉಳಿಯುವುದೂ ಉಂಟು. ಇಂಥ ಸಹಜವಾದ ಬಣ್ಣಕ್ಕೆ ಹೆಚ್ಚು ಬೆಲೆ ಕೊಡುವ ಸಂಗ್ರಾಹಕರಿದ್ದಾರೆ.

ತಿಕ್ಕಿದರೆ ಹೋಗುವುದು ಕೊಳೆಯಲ್ಲ, ಬೆಳ್ಳಿಯೇ. ಪೊರೆಯಲ್ಲಿರುವುದು ನಾಣ್ಯದ್ದೇ ಲೋಹ. ಅದರೊಡನೆ ದೊರೆಯ ಮುಖದ ಸೂಕ್ಷ್ಮ ಗೆರೆಗಳೂ ಸವೆದು, ಮೈತುಂಬ ಗೀರು ಬೀಳುವುದು. ಹಾಗೆ ಫಳಫಳಿಸುವ ನಾಣ್ಯವನ್ನು ಬಲ್ಲವರು ಕಡಿಮೆ ಬೆಲೆಗೇ ಕೇಳುವರು.

ಇಡುವ ಕ್ರಮ ಕಷ್ಟದ್ದಲ್ಲ. ಬೆವರಿನ ಉಪ್ಪು ತಗಲದಂತೆ ಅಂಚನ್ನು ಹಿಡಿದೆತ್ತಬೇಕು. ಒಣಗಿದ ಸ್ಥಳದಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಪಿ.ವಿ.ಸಿ. ಹಾಳೆಯ ಮೆತ್ತನೆಯ ಚೀಲ ಮಾತ್ರ ಬೇಡ. ಕಾಲಕ್ರಮದಲ್ಲಿ ಅದು ನಾಣ್ಯದ ಮೇಲೆ ಹಸುರು ಅಂಟನ್ನು ಬಿಡುವುದು.

ಇನ್ನು ಖೋಟಾದ ಶಂಕೆ. ಅದನ್ನು ಬಣ್ಣದಿಂದಲ್ಲ, ತಕ್ಕಡಿಯಿಂದ ಪರೀಕ್ಷಿಸಬೇಕು. 1835ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಚಲಾವಣೆಯಲ್ಲಿ ಸವೆದದ್ದು ಸ್ವಲ್ಪ ಕಡಿಮೆ ತೂಗಬಹುದು. 1940ರಿಂದ 1945ರವರೆಗಿನವುಗಳಲ್ಲಿ ಬೆಳ್ಳಿ ಅರ್ಧ ಮಾತ್ರ, ಉಳಿದುದರಲ್ಲಿ ಬಹುಪಾಲು ತಾಮ್ರ. 1947ರದು ಬರಿಯ ನಿಕ್ಕಲ್ಲು, ಅಯಸ್ಕಾಂತಕ್ಕೆ ಅಂಟುವುದು. ಗಂಟಿನಲ್ಲಿ ಕಪ್ಪಾಗದೆ ಹೊಳೆಯುತ್ತಿರುವ ರೂಪಾಯಿ ಅದೇ ಇರಬಹುದು.